ತೇಲುವ ವೇದಿಕೆಯ ಓಲಾಟ ಮತ್ತು ಉಬ್ಬರವಿಳಿತ ಟರ್ಬೈನಿನ ವಿದ್ಯುತ್ ಗಳಿಕೆ

ಸಾರಾಂಶ

ತೇಲುವ ಉಬ್ಬರವಿಳಿತ ಟರ್ಬೈನ್ ಅಲೆಗಳೊಂದಿಗೆ ಓಲಾಡುತ್ತದೆ. ಈ ಓಲಾಟ ವಿದ್ಯುತ್ ಗಳಿಕೆಯನ್ನು ಎಲ್ಲಿ ಹೆಚ್ಚಿಸುತ್ತದೆ, ಎಲ್ಲಿ ಕುಗ್ಗಿಸುತ್ತದೆ ಎಂಬುದನ್ನು ಸರಳ ಗಣನೆಯಿಂದ ಪರಿಶೀಲಿಸಲಾಗಿದೆ. ಓಲಾಟದ ಪ್ರಮಾಣವಷ್ಟೇ ಅಲ್ಲ, ನೀರಿನ ಚಲನೆಗೂ ಅದಕ್ಕೂ ಇರುವ ಪ್ರಾವಸ್ಥೆಯ ಸಂಬಂಧವೂ ನಿರ್ಣಾಯಕವೆಂಬುದು ಇಲ್ಲಿಯ ವಾದ.

1. ಹಿನ್ನೆಲೆ

ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ, ಈಡೇ ದ್ವೀಪದ ಬಳಿಯ ಫಾಲ್ ಆಫ್ ವಾರ್ನೆಸ್‌ನಲ್ಲಿ ಯುರೋಪಿಯನ್ ಮರೀನ್ ಎನರ್ಜಿ ಸೆಂಟರಿನ ಪರೀಕ್ಷಾ ತಾಣವಿದೆ. ಆರ್ಬಿಟಲ್ ಮರೀನ್ ಪವರ್ ಸಂಸ್ಥೆಯ ಓ2 ಯಂತ್ರವನ್ನು 2021ರಲ್ಲಿ ಅಲ್ಲಿ ಲಂಗರು ಹಾಕಿ ನಿಲ್ಲಿಸಲಾಯಿತು. ಅದರ ಒಡಲು 74 ಮೀಟರ್ ಉದ್ದ. ಇಕ್ಕೆಲದ ತೋಳುಗಳಲ್ಲಿ 20 ಮೀಟರ್ ವ್ಯಾಸದ ಎರಡು ರೋಟರ್‌ಗಳು. ಒಟ್ಟು ಸಾಮರ್ಥ್ಯ 2 ಮೆಗಾವ್ಯಾಟ್. ಸಮುದ್ರದ ಮೇಲ್ಮೈ ಬಳಿ ಹರಿವು ಚುರುಕು, ದುರಸ್ತಿಯೂ ಸುಲಭ. ಆದರೆ ಅಲೆಯ ಹೊಡೆತವೂ ಅಲ್ಲಿಯೇ ಹೆಚ್ಚು.

2. ವಿಧಾನ

ಓ2ವಿನ ಅಳತೆಗೆ ಹತ್ತಿರವಾದ ಕಾಲ್ಪನಿಕ ಯಂತ್ರವೊಂದನ್ನು ಗಣನೆಗೆ ತೆಗೆದುಕೊಳ್ಳೋಣ. ರೋಟರ್ ಕೇಂದ್ರ 12 ಮೀಟರ್ ಆಳದಲ್ಲಿದೆ. ಹರಿವು ಸೆಕೆಂಡಿಗೆ 2.5 ಮೀಟರ್, ಅಲೆಯ ಎತ್ತರ 2 ಮೀಟರ್, ಆವರ್ತಕಾಲ 8 ಸೆಕೆಂಡ್. ಆಳ ನೀರಿನ ರೇಖೀಯ ಸಿದ್ಧಾಂತದಂತೆ ಅಲೆಯುದ್ದ ಸುಮಾರು 100 ಮೀಟರ್. ಅಲೆಯಿಂದ ನೀರಿಗೆ ಬರುವ ವೇಗ ಮೇಲ್ಮೈಯಲ್ಲಿ 0.79 ಮೀ/ಸೆ, ರೋಟರ್ ಆಳದಲ್ಲಿ 0.37 ಮೀ/ಸೆ. ವೇದಿಕೆಯ ಹಿಂದುಮುಂದಿನ ಚಲನೆಯ ಗರಿಷ್ಠ ವೇಗ 0.25 ಮೀ/ಸೆ ಎಂದಿಟ್ಟುಕೊಳ್ಳಲಾಗಿದೆ. ದಕ್ಷತಾ ಗುಣಾಂಕ ಸ್ಥಿರವೆಂದೂ ಹರಿವು ಅಲೆಯನ್ನು ಬದಲಿಸುವುದಿಲ್ಲವೆಂದೂ ಭಾವಿಸಲಾಗಿದೆ. ಆಗ ಶಕ್ತಿಯು ಸಾಪೇಕ್ಷ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ.

3. ಫಲಿತಾಂಶ

ಅಲೆಯಿಲ್ಲದ ಹರಿವಿನಲ್ಲಿ ದೊರೆಯುವ ಶಕ್ತಿಯನ್ನು 1 ಎಂದುಕೊಂಡರೆ, ಅಲುಗದ ರೋಟರಿನ ಶಕ್ತಿ 0.62ರಿಂದ 1.51ರವರೆಗೆ ಏರಿಳಿಯುತ್ತದೆ. ವೇದಿಕೆ ನೀರಿನ ಜೊತೆಜೊತೆಗೇ ಚಲಿಸಿದರೆ ಈ ವ್ಯಾಪ್ತಿ 0.86–1.15ಕ್ಕೆ ತಗ್ಗುತ್ತದೆ, ವಿರುದ್ಧ ಪ್ರಾವಸ್ಥೆಯಲ್ಲಿ ಚಲಿಸಿದರೆ 0.43–1.94ಕ್ಕೆ ಹಿಗ್ಗುತ್ತದೆ. ಘನ ಸಂಬಂಧದ ಕಾರಣ ಈ ಕೊನೆಯ ಸ್ಥಿತಿಯಲ್ಲೇ ಸರಾಸರಿ ಅತಿ ಹೆಚ್ಚು, ಸುಮಾರು 9 ಶೇಕಡಾ ಏರಿಕೆ.

4. ಚರ್ಚೆ

ಈ ಏರಿಕೆಯನ್ನು ಲಾಭವೆಂದು ಎಣಿಸುವಂತಿಲ್ಲ. 2.5 ಮೀ/ಸೆ ಹರಿವಿನಲ್ಲೇ ಜನರೇಟರ್ ತನ್ನ ನಿಗದಿತ ಸಾಮರ್ಥ್ಯ ಮುಟ್ಟುವುದಾದರೆ, ಅಲಗುಗಳ ಕೋನ ತಿರುಗಿಸಿ ಹೆಚ್ಚುವರಿ ಶಕ್ತಿಯನ್ನು ಬಿಟ್ಟುಕೊಡಬೇಕಾಗುತ್ತದೆ. ಏರಿನ ಗಳಿಕೆ ಕೈತಪ್ಪುತ್ತದೆ, ಇಳಿತದ ನಷ್ಟ ಉಳಿಯುತ್ತದೆ. ಈ ನಿಯಂತ್ರಣ ತತ್‌ಕ್ಷಣದ್ದೆಂದು ಭಾವಿಸಿದರೂ ವಿರುದ್ಧ ಪ್ರಾವಸ್ಥೆಯಲ್ಲಿ ಸರಾಸರಿ ಸುಮಾರು 19 ಶೇಕಡಾ ಕುಸಿಯುತ್ತದೆ. ಜೊತೆ ಚಲನೆಯಲ್ಲಿ ಕುಸಿತ 4 ಶೇಕಡಾ ಮಾತ್ರ.

ಮುಗ್ಗರಿಸುವ ಚಲನೆಯಲ್ಲೂ ಲೆಕ್ಕ ಹೀಗೆಯೇ. 1 ಡಿಗ್ರಿ ವಾಲಿಕೆಯಿಂದ ರೋಟರಿಗೆ ಎದುರಾಗುವ ಹರಿವು ಕಡಿಮೆಯಾಗುವುದು ನಗಣ್ಯ. ಆದರೆ 8 ಸೆಕೆಂಡಿನ ಆವರ್ತದಲ್ಲಿ ಅದು 12 ಮೀಟರ್ ಕೆಳಗಿನ ರೋಟರಿಗೆ 0.16 ಮೀ/ಸೆ ವೇಗ ಕೊಡುತ್ತದೆ. ವಾಸ್ತವದಲ್ಲಿ ದಕ್ಷತಾ ಗುಣಾಂಕವೂ ಸ್ಥಿರವಲ್ಲ. ಸಾಪೇಕ್ಷ ವೇಗ ಬದಲಾದಂತೆ ಅಲಗಿಗೆ ನೀರು ತಾಗುವ ಕೋನ ಬದಲಾಗಿ, ಬೇರುಭಾಗದ ಬಾಗುಬಲ ಅಲೆಅಲೆಗೂ ಏರಿಳಿದು ಅಲಗು ದಣಿಯುತ್ತದೆ.

5. ಸಮಾರೋಪ

ಓಲಾಟವನ್ನು ಪೂರ್ತಿ ತಡೆಯುವುದೇ ವಿನ್ಯಾಸದ ಗುರಿಯಾಗಬೇಕಿಲ್ಲ. ಈ ಉದಾಹರಣೆಯಲ್ಲಿ ನೀರಿನೊಡನೆ ಹೊಂದಿಕೊಂಡ ವೇದಿಕೆ, ಅಲುಗದ ವೇದಿಕೆಗಿಂತ ಸಮತೋಲದ ಶಕ್ತಿ ಕೊಡುತ್ತದೆ. ಆದ್ದರಿಂದ ಒಡಲಿನ ಉದ್ದ, ಲಂಗರು ಸರಪಳಿಯ ಬಿಗಿತ, ರೋಟರಿನ ಆಳ ಈ ಮೂರನ್ನೂ ತಾಣದ ಅಲೆಗಳ ಆವರ್ತಕಾಲದೊಂದಿಗೆ ಒಟ್ಟಾಗಿ ನಿರ್ಧರಿಸಬೇಕು. ಪರೀಕ್ಷಾ ವರದಿಗಳೂ ಸರಾಸರಿ ಶಕ್ತಿಯ ಜೊತೆಗೆ ಏರಿಳಿತದ ವ್ಯಾಪ್ತಿಯನ್ನೂ ಪ್ರಾವಸ್ಥೆಯನ್ನೂ ದಾಖಲಿಸಬೇಕು.