ಕರ್ಕ್ಯುಮಿನ್ ಮತ್ತು ಗಾಯ ಮಾಯುವಿಕೆ

ಕರ್ಕ್ಯುಮಿನ್ ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಪಾಲಿಫೀನಾಲ್. 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದು ಇಲಿ ಹಾಗೂ ಗಿನಿಹಂದಿಗಳ ಚರ್ಮದ ಗಾಯಗಳನ್ನು ಬೇಗ ಮುಚ್ಚಿಸಿತು. ಗಾಯದಲ್ಲಿ ಕೊಲಾಜೆನ್ ಹೆಚ್ಚಿತು, ಹೊಸ ರಕ್ತನಾಳಗಳು ಮೂಡಿದವು. ಮುಂಬಯಿಯ ಪವಾಯಿಯಲ್ಲಿರುವ ಐಐಟಿ ಬಾಂಬೆಯ ದುಲಾಲ್ ಪಾಂಡಾ ಅವರ ತಂಡ 2006ರಲ್ಲಿ ಇದರ ಇನ್ನೊಂದು ಮುಖ ತೋರಿಸಿತು: ಕರ್ಕ್ಯುಮಿನ್ ಜೀವಕೋಶ ವಿಭಜನೆಗೆ ಬೇಕಾದ ಟ್ಯೂಬ್ಯುಲಿನ್ ಪ್ರೋಟೀನಿಗೆ ಅಂಟಿಕೊಂಡು, ಪ್ರಯೋಗಾಲಯದಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳ ವೃದ್ಧಿಯನ್ನು ತಡೆಯುತ್ತದೆ. ಗಾಯ ಮಾಯಲು ಜೀವಕೋಶಗಳು ಹೆಚ್ಚಲೇಬೇಕು. ಆದ್ದರಿಂದ ಎಷ್ಟು ಹಚ್ಚಬೇಕೆಂಬುದೇ ಮುಖ್ಯ ಪ್ರಶ್ನೆ. ನೀರಿನಲ್ಲಿ ಸರಿಯಾಗಿ ಕರಗದಿರುವುದು ಇನ್ನೊಂದು ತೊಡಕು. ಹಾಗಾಗಿ ಸಂಶೋಧಕರು ಜೆಲ್, ನ್ಯಾನೊಕಣಗಳ ಮೊರೆಹೋಗಿದ್ದಾರೆ. ಈ ಪ್ರಯೋಗಗಳಿಗೂ ಮೊದಲೇ, ಅರಿಶಿನದಿಂದ ಗಾಯ ಮಾಯಿಸುವ ವಿಧಾನಕ್ಕೆ ಅಮೆರಿಕ 1995ರಲ್ಲಿ ಪೇಟೆಂಟ್ ನೀಡಿತ್ತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ಆಕ್ಷೇಪಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು.