ಗರ್ಭಚೀಲದ ಆಪರೇಷನ್: ಬೇರೆ ದಾರಿಗಳ ಚರಿತ್ರೆ

ಅಂಕೋಲೆಯ ಯಾವುದೇ ಮದುವೆಮನೆಯಲ್ಲಿ ಹೆಂಗಸರ ನಡುವೆ ಅರ್ಧ ಗಂಟೆ ಕೂತರೆ ಸಾಕು, "ಅವಳದ್ದೂ ತೆಗೆಸಿಯಾಯ್ತು" ಎಂಬ ಮಾತು ಕಿವಿಗೆ ಬೀಳುತ್ತದೆ. ಏನನ್ನು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಕನ್ನಡದಲ್ಲಿ ಗರ್ಭಚೀಲ, ನಮ್ಮ ಮನೆಮಾತಿನಲ್ಲಿ ಬಚ್ಚೇದಾನಿ. ಗಡ್ಡೆ ಇತ್ತಂತೆ, ಡಾಕ್ಟರು ತೆಗೆಯೋಣ ಎಂದರಂತೆ, ತೆಗೆದರಂತೆ. ಬೇರೆ ದಾರಿ ಇರಲಿಲ್ಲವೇ ಎಂದು ನಮ್ಮ ಖಾಲಾ ಒಬ್ಬರನ್ನು ಕೇಳಿದೆವು. "ಅವರು ಹೇಳಲಿಲ್ಲ, ನಾನು ಕೇಳಲಿಲ್ಲ" ಎಂದರು.

ಬೇರೆ ದಾರಿ ಇತ್ತು. ಇಂದು ನಿನ್ನೆಯದಲ್ಲ, ತೆಗೆಯುವ ಆಪರೇಷನ್ನಿನಷ್ಟೇ ಹಳೆಯದು. 1843ರಲ್ಲಿ ಮ್ಯಾಂಚೆಸ್ಟರಿನ ಚಾರ್ಲ್ಸ್ ಕ್ಲೇ ಅಂಡಾಶಯದ ಗಡ್ಡೆಯೆಂದು ತಪ್ಪು ತಿಳಿದು ಹೊಟ್ಟೆ ಕೊಯ್ದು, ಕೊನೆಗೆ ಗರ್ಭಚೀಲವನ್ನೇ ತೆಗೆದ, ರೋಗಿ ಉಳಿಯಲಿಲ್ಲ. ಮರುವರ್ಷ ಅಮೆರಿಕದ ವಾಷಿಂಗ್ಟನ್ ಆಟ್ಲೀ ಗರ್ಭಚೀಲ ಬಿಟ್ಟು ಗಡ್ಡೆಯನ್ನಷ್ಟೇ ತೆಗೆದು ಯಶಸ್ವಿಯಾದ. ಎರಡೂ ದಾರಿಗಳು ಒಟ್ಟಿಗೇ ಹುಟ್ಟಿದವು. ಹೆದ್ದಾರಿಯಾದದ್ದು ಮಾತ್ರ ಮೊದಲನೆಯದು.

ಲಂಡನ್ನಿನ ವಿಕ್ಟರ್ ಬಾನಿಯ ಕತೆ ನಮಗೆ ಮರೆಯಲಾಗದ್ದು. ಈತನ ಹೆಂಡತಿಗೆ ಮಕ್ಕಳಾಗುವ ಮೊದಲೇ ಗಡ್ಡೆಯ ಕಾರಣದಿಂದ ಗರ್ಭಚೀಲ ತೆಗೆಯಬೇಕಾಯಿತು. ದಂಪತಿಗೆ ಮಕ್ಕಳಾಗಲಿಲ್ಲ. ಮುಂದೆ ಆತ ಗಡ್ಡೆಯನ್ನು ಮಾತ್ರ ಬಿಡಿಸಿ ತೆಗೆಯುವ ವಿಧಾನಕ್ಕೇ ಬಾಳು ಸವೆಸಿದ. ಆಪರೇಷನ್ ವೇಳೆ ರಕ್ತ ಹರಿಯದಂತೆ ಹಿಡಿಯಲು ಆತ ರೂಪಿಸಿದ ಇಕ್ಕಳಕ್ಕೆ ಈಗಲೂ ಅವನದೇ ಹೆಸರು. ತನ್ನ ಮನೆಯ ನೋವನ್ನು ಪರರ ಮನೆಗೆ ಔಷಧ ಮಾಡಿದ ಇಂಥವರು ವೈದ್ಯಕೀಯದಲ್ಲಿ ಹೆಚ್ಚು ಮಂದಿ ಇಲ್ಲ.

ಇನ್ನೊಂದು ದಾರಿ ಆಕಸ್ಮಿಕವಾಗಿ ತೆರೆಯಿತು. ಪ್ಯಾರಿಸ್ಸಿನ ಜಾಕ್ ರವೀನಾ ಆಪರೇಷನ್ನಿನಲ್ಲಿ ರಕ್ತಸ್ರಾವ ತಗ್ಗಿಸಲೆಂದು ಗಡ್ಡೆಗೆ ರಕ್ತ ಒಯ್ಯುವ ನಾಳವನ್ನು ಮೊದಲೇ ಮುಚ್ಚುತ್ತಿದ್ದ. ಹಾಗೆ ಮುಚ್ಚಿಸಿಕೊಂಡ ಹಲವರಿಗೆ ತೊಂದರೆಯೇ ನಿಂತುಹೋಗಿ, ಆಪರೇಷನ್ ಬೇಡವಾಯಿತು! 1995ರಲ್ಲಿ ಅದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಗರ್ಭದೊಳಗೆ ಇಟ್ಟು ಹಾರ್ಮೋನ್ ಬಿಡುವ ಸಾಧನ ಫಿನ್ಲೆಂಡಿನಿಂದ ಬಂತು. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಜಪಾನಿನ ಉಟಾಕೊ ಒಕಾಮೊಟೊ ಎಂಬ ಹೆಣ್ಣುಮಗಳೂ ಆಕೆಯ ಗಂಡನೂ ಸೇರಿ 1962ರಲ್ಲಿ ಕಂಡದ್ದು. ನಮ್ಮ ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಸಂತಾನ ನಿಯಂತ್ರಣಕ್ಕೆಂದು ಹುಟ್ಟಿದ ಸೆಂಟ್‌ಕ್ರೋಮಾನ್ ಮಾತ್ರೆಯನ್ನು ಡಾಕ್ಟರರು ಅತಿ ಮುಟ್ಟಿಗೂ ಬರೆಯುತ್ತಾರೆ.

ನಾರುಗಡ್ಡೆ ಬಹುಪಾಲು ಹೆಂಗಸರಲ್ಲಿ ಐವತ್ತರೊಳಗೆ ಬರುವಂಥದ್ದು. ಎಷ್ಟೋ ಮಂದಿಗೆ ಅದಿದೆಯೆಂದೇ ತಿಳಿಯದು. ಕ್ಯಾನ್ಸರ್ ಇರುವ ಸಾಧ್ಯತೆ ತೀರ ಕಡಿಮೆ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ. ತೊಂದರೆ ಕೊಡದ ಗಡ್ಡೆಗೆ ಕಾದು ನೋಡುವುದೇ ಚಿಕಿತ್ಸೆ. ಹಾಗೆಂದು ಗರ್ಭಚೀಲ ತೆಗೆಯುವುದೇ ತಪ್ಪು ಎಂಬ ಮಾತು ನಮ್ಮದಲ್ಲ. ಕ್ಯಾನ್ಸರ್ ಇದ್ದಾಗ, ಯಾವುದಕ್ಕೂ ಬಗ್ಗದ ರಕ್ತಸ್ರಾವ ಇದ್ದಾಗ ಅದು ಜೀವ ಉಳಿಸುತ್ತದೆ. ಬಿಡಿಸಿ ತೆಗೆದ ಗಡ್ಡೆ ಮತ್ತೆ ಬೆಳೆಯಲೂಬಹುದು. ಆದರೆ ಆರಿಸುವವಳು ಯಾರು?

ಕಲಬುರಗಿಯ ಲಂಬಾಣಿ, ದಲಿತ ಹೆಂಗಸರಿಗೆ ಆ ಆಯ್ಕೆ ಸಿಗಲಿಲ್ಲ. ಹೊಟ್ಟೆನೋವೆಂದು ಹೋದವರಿಗೆ ಕ್ಯಾನ್ಸರ್ ಹೆದರಿಕೆ ಹುಟ್ಟಿಸಿ ಖಾಸಗಿ ಆಸ್ಪತ್ರೆಗಳಲ್ಲಿ ಗರ್ಭಚೀಲ ತೆಗೆದರು. 2015ರ ವಿಚಾರಣೆಯಲ್ಲಿ 30 ತಿಂಗಳಲ್ಲಿ 2,258 ಆಪರೇಷನ್‌ಗಳ ಲೆಕ್ಕ ಹೊರಬಂತು. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳ ಇಂಥದೇ ಪ್ರಕರಣಗಳ ಬಗ್ಗೆ ಡಾ. ನರೇಂದ್ರ ಗುಪ್ತಾ 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಅನಗತ್ಯ ಆಪರೇಷನ್ ತಡೆಯಲು ಕೇಂದ್ರ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ಮೂರು ತಿಂಗಳಲ್ಲಿ ಜಾರಿಗೆ ತರುವಂತೆ ಎಲ್ಲ ರಾಜ್ಯಗಳಿಗೆ ಕೋರ್ಟು ಹೇಳಿದ್ದು 2023ರ ಏಪ್ರಿಲಿನಲ್ಲಿ. ಹತ್ತು ವರ್ಷ!

ಗರ್ಭಚೀಲಕ್ಕೆ ಅರಬ್ಬಿಯಲ್ಲಿ 'ರಹಿಮ್' ಎನ್ನುತ್ತಾರೆ. ರಹ್ಮಾನ್, ರಹೀಮ್ ಎಂಬ ದೇವನಾಮಗಳು ಅದೇ ಧಾತುವಿನವು. ಬಂಧುತ್ವ ಕಾಯುವುದಕ್ಕೆ 'ಸಿಲಾ ರಹಮೀ' ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಮಾತಿಗೆ ಇಷ್ಟು ಗೌರವ ಕೊಟ್ಟ ನಾವು ಅಂಗದ ಬಗ್ಗೆ ಬಾಯಿ ಬಿಡಲು ನಾಚುತ್ತೇವೆ. ಫಾತಿಮಾ ಬಿಂತೆ ಅಬೀ ಹುಬೈಶ್ ಹಾಗೆ ನಾಚಲಿಲ್ಲ. ರಕ್ತ ನಿಲ್ಲುತ್ತಿಲ್ಲ, ನಮಾಜು ಬಿಡಲೇ ಎಂದು ನೇರ ಪ್ರವಾದಿಯವರಲ್ಲೇ (ಸ) ಹೋಗಿ ಕೇಳಿದರು. ಅದು ನರದ ರಕ್ತ, ಮುಟ್ಟಲ್ಲ ಎಂದು ಪ್ರವಾದಿಯವರು ವಿವರಿಸಿದರು. ಮುಟ್ಟಿನ ದಿನಗಳು ಕಳೆದ ಮೇಲೆ ನಮಾಜು ಬಿಡಬೇಕಾಗಿರಲಿಲ್ಲ. ಬುಖಾರಿಯಲ್ಲಿ ಇದು ದಾಖಲಾಗಿದೆ. ರಕ್ತಸ್ರಾವದಿಂದ ನಮಾಜು ತಪ್ಪುತ್ತದೆ ಎಂಬ ಒಂದೇ ಕೊರಗಿನಿಂದ ಆಪರೇಷನ್ನಿಗೆ ಒಪ್ಪುವ ನಮ್ಮ ಅಮ್ಮಂದಿರಿಗೆ ಈ ಹದೀಸನ್ನು ಓದಿ ಹೇಳಿದವರು ಎಷ್ಟು ಮಂದಿ?

ಕೇಳಿದರೂ ಸಿಗಬೇಕಲ್ಲ. ಕಾರವಾರದಲ್ಲಿ 2016ರಿಂದ ಸರಕಾರಿ ವೈದ್ಯಕೀಯ ಕಾಲೇಜಿದೆ. ಆದರೆ ದೊಡ್ಡ ಚಿಕಿತ್ಸೆ ಎಂದೊಡನೆ ನಮ್ಮ ಜಿಲ್ಲೆಯ ಜನ ಮಣಿಪಾಲ, ಹುಬ್ಬಳ್ಳಿ, ಗೋವೆಗೆ ಓಡುವುದು ರೂಢಿ. 2022ರ ಜುಲೈಯಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತ ಮೇಲೆ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಹಳೆಯ ಕೂಗು ಮತ್ತೆ ಎದ್ದಿತು. ರಕ್ತನಾಳ ಮುಚ್ಚುವ ಚಿಕಿತ್ಸೆಗೆ ಅಂಥ ಯಂತ್ರವೂ ತಜ್ಞರೂ ಬೇಕು, ನಿಜ. ಮಾತ್ರೆಗೂ ಹಾರ್ಮೋನ್ ಸಾಧನಕ್ಕೂ ಅದು ಬೇಡ. ಸ್ತ್ರೀರೋಗ ತಜ್ಞೆಯೊಬ್ಬರಿದ್ದರೆ ತಾಲೂಕು ಊರಿನಲ್ಲೇ ಆಗುತ್ತದೆ. ಖಾಲಾ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಣ್ಣ ಮಗಳಿಗೂ ಗಡ್ಡೆ ಎಂದಿದ್ದಾರೆ, ಸೋಮವಾರ ನೀವೂ ಜೊತೆಗೆ ಬನ್ನಿ" ಎಂದರು.