ಬೇತಮಂಗಲದ ಪ್ಲಿಮತ್ ಕಾರು



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. "ಸಾರ್, ತಾತನ ಕಾರನ್ನು ಮಾರಬೇಕೆಂದಿದ್ದೇವೆ. ತಾವು ಒಮ್ಮೆ ಬಂದು ನೋಡಬೇಕು" ಎಂದ. ಇತಿಹಾಸ ಪಾಠ ಮಾಡಿದವನಿಗೆ ಕಾರಿನ ಬೆಲೆ ಏನು ತಿಳಿಯುತ್ತದಪ್ಪಾ ಎಂದು ನಕ್ಕೆ. "ಬೆಲೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ ಸಾರ್. ಯಾರಿಗೆ ಕೊಡಬೇಕು ಎಂದು ಹೇಳುವವರಿಲ್ಲ" ಎಂದ. ಆ ಮಾತು ನನ್ನನ್ನು ಅವರ ಮನೆಯವರೆಗೆ ನಡೆಸಿಕೊಂಡು ಹೋಯಿತು.

ಆ ಕಾರನ್ನು ನಾನು ಬಾಲ್ಯದಿಂದಲೂ ಬಲ್ಲೆ. 1951ರ ಪ್ಲಿಮತ್. ಅವನ ತಾತ ಕೋಲಾರದ ಚಿನ್ನದ ಗಣಿಗಳಿಗೆ ಮರ ಒದಗಿಸುತ್ತಿದ್ದ ಗುತ್ತಿಗೆದಾರರು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಾಗ ಊರಿಗೆ ಹೊರಟಿದ್ದ ಇಂಗ್ಲಿಷ್ ಅಧಿಕಾರಿಯೊಬ್ಬರಿಂದ ಅದನ್ನು ಕೊಂಡರಂತೆ. ಪಾಲಾರ್ ಕೆರೆಯ ಏರಿಯ ಮೇಲೆ ಅದು ಬರುವುದನ್ನು ಕಂಡರೆ ಹುಡುಗರಾದ ನಾವು ಆಟ ಬಿಟ್ಟು ಓಡುತ್ತಿದ್ದೆವು. ನಮ್ಮ ಊರಿನ ಈ ನೀರೇ ಕೊಳವೆಗಳಲ್ಲಿ ಹರಿದು ಗಣಿಯ ಊರುಗಳ ದಾಹ ತಣಿಸುತ್ತಿತ್ತು. ಅಲ್ಲಿಂದ ನಮ್ಮ ಕಡೆಗೆ ಬಂದ ವೈಭವಗಳಲ್ಲಿ ನಮ್ಮ ಕಣ್ಣಿಗೆ ಬಿದ್ದದ್ದು ಈ ಕಾರು ಒಂದೇ.

ಕೊಟ್ಟಿಗೆಯ ಬಾಗಿಲು ತೆರೆದು, ಹೊದಿಸಿದ್ದ ಬಟ್ಟೆ ಸರಿಸಿದಾಗ ನಾನು ಬೆರಗಾದೆ. ಮೂಲ ಬಣ್ಣ ಅಲ್ಲಲ್ಲಿ ಮಾಸಿದೆಯೇ ಹೊರತು ತುಕ್ಕು ಹಿಡಿದಿಲ್ಲ. ಮುಂದಿನ ಸೀಟು ಮೂವರು ಕೂರಬಹುದಾದ ಬೆಂಚು. ಗೇರಿನ ಕೋಲು ಸ್ಟೀರಿಂಗ್ ಪಕ್ಕದಲ್ಲಿ. ಎಂಜಿನ್ ಅದೇ ಆರು ಸಿಲಿಂಡರಿನದು, ಬ್ಯಾಟರಿ ವ್ಯವಸ್ಥೆಯೂ ಅದೇ ಆರು ವೋಲ್ಟಿನದು. ಬಾನೆಟ್ಟಿನ ತುದಿಯಲ್ಲಿ ಒಂದು ಪುಟ್ಟ ಹಡಗು. 1620ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಬಂದರಿನಿಂದ ಅಮೆರಿಕಕ್ಕೆ ಹೊರಟ ಮೇಫ್ಲವರ್ ಹಡಗು ಅದು. ಎಷ್ಟೋ ವರ್ಷ ತರಗತಿಯಲ್ಲಿ ಆ ಹಡಗಿನ ಪಾಠ ಮಾಡಿದ ನನಗೆ, ಬಾಲ್ಯದಲ್ಲಿ ಮುಟ್ಟಿ ಬೈಸಿಕೊಂಡಿದ್ದ ಗೊಂಬೆ ಅದೇ ಎಂಬುದು ಹೊಳೆದದ್ದು ಈಗ!

ಇಂತಹ ಕಾರು ಇಷ್ಟು ಕಾಲ ಉಳಿದದ್ದಕ್ಕೆ ಯಜಮಾನರ ಅಕ್ಕರೆಯೊಂದೇ ಕಾರಣವಲ್ಲ. ಅದರ ಹಿಂದೆ ನಮ್ಮ ನಾಡಿನದೇ ಒಂದು ಕಥೆಯಿದೆ.

ಅಂದಿನ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು, ಅಮೆರಿಕಗಳನ್ನು ಸುತ್ತಿ ಮೋಟಾರು ಕೈಗಾರಿಕೆಯನ್ನು ಅಭ್ಯಾಸ ಮಾಡಿ ಬಂದರು. ಆಗ ಅವರಿಗೆ ಎಪ್ಪತ್ತನ್ನು ದಾಟಿದ ವಯಸ್ಸು. ಭಾರತದಲ್ಲಿಯೇ ಕಾರು ತಯಾರಾಗಬೇಕೆಂಬುದು ಅವರ ಹಂಬಲ. ಉದ್ಯಮಿ ವಾಲ್‌ಚಂದ್ ಹೀರಾಚಂದರು ಕೈಜೋಡಿಸಿದರು. ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಮಾತುಕತೆಯಾಯಿತು. ಬೆಂಗಳೂರಿನಲ್ಲಿ ಕಾರ್ಖಾನೆ ತೆರೆಯಲು ಮೈಸೂರು ಸಂಸ್ಥಾನವೂ ನೆರವಾಗಲು ಮುಂದಾಯಿತು. ಆದರೆ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಬೆಂಗಳೂರಿಗೆ ದಕ್ಕಿದ್ದು ಅದೇ ವಾಲ್‌ಚಂದರು ಮೈಸೂರು ಸಂಸ್ಥಾನದೊಡನೆ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆ. ಕಾರಿನ ಕನಸು ಮುಂಬಯಿಗೆ ಹೋಯಿತು. ಅಲ್ಲಿ 1944ರಲ್ಲಿ ವಾಲ್‌ಚಂದರು ಕಟ್ಟಿದ ಪ್ರೀಮಿಯರ್ ಕಂಪನಿ 1947ರಿಂದ ಕುರ್ಲಾದಲ್ಲಿ ಕ್ರೈಸ್ಲರಿನ ಡಾಡ್ಜ್, ಡಿಸೋಟೊ, ಪ್ಲಿಮತ್ ಕಾರುಗಳನ್ನು ಜೋಡಿಸತೊಡಗಿತು. ಕಾಲ ಅನುಕೂಲವಾಗಿದ್ದರೆ ಈ ಹಡಗಿನ ಗುರುತಿನ ಕಾರುಗಳು ಬೆಂಗಳೂರಿನಲ್ಲಿಯೇ ಸಿದ್ಧವಾಗುತ್ತಿದ್ದವೇನೋ.

1953ರಲ್ಲಿ ಸುಂಕ ಆಯೋಗ ಒಂದು ಕಟ್ಟುನಿಟ್ಟಿನ ಸಲಹೆ ನೀಡಿತು. ಬಿಡಿಭಾಗಗಳನ್ನು ತರಿಸಿ ಜೋಡಿಸುವುದಷ್ಟೇ ಸಾಲದು, ಇಲ್ಲಿಯೇ ತಯಾರಿಸುವವರು ಮಾತ್ರ ಉಳಿಯಬೇಕು ಎಂಬುದು ಅದರ ತಾತ್ಪರ್ಯ. ಜನರಲ್ ಮೋಟಾರ್ಸ್, ಫೋರ್ಡ್ ಕಂಪನಿಗಳು ಇಲ್ಲಿಯ ಜೋಡಣೆಯನ್ನು ನಿಲ್ಲಿಸಿದವು. ದೊಡ್ಡ ಕಾರುಗಳು ಅಪರೂಪವಾದವು. ಕೆಟ್ಟರೆ ಇನ್ನೊಂದನ್ನು ಕೊಳ್ಳುವ ದಾರಿಯಿರಲಿಲ್ಲ. ಆದ್ದರಿಂದ ಇದ್ದದ್ದನ್ನೇ ಒರೆಸಿ, ದುರಸ್ತಿ ಮಾಡಿ, ಮಕ್ಕಳಂತೆ ಕಾಪಾಡಿದರು. ಕೊರತೆಯೇ ಕಾವಲುಗಾರನಾಯಿತೆಂದರೆ ತಪ್ಪಾಗಲಾರದು.

ಈಗ ಮಾರಾಟದ ವಿಷಯಕ್ಕೆ ಬರೋಣ. ಹುಡುಗನಿಗೆ ಅಜ್ಜಿಯ ಚಿಕಿತ್ಸೆಗೆ ಹಣ ಬೇಕಾಗಿದೆ. ಮಾರಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ. ಕೊಳ್ಳಲು ಇಬ್ಬರು ಬಂದಿದ್ದರು. ಒಬ್ಬರು ಹೆಚ್ಚು ಹಣ ಕೊಡುವವರು. ಡೀಸೆಲ್ ಎಂಜಿನ್ ಕೂರಿಸಿ, ಬಿಳಿ ಬಣ್ಣ ಹೊಡೆಸಿ, ಮದುವೆಗಳಿಗೆ ಬಾಡಿಗೆಗೆ ಬಿಡುವ ಯೋಚನೆ ಅವರದು. ಇನ್ನೊಬ್ಬರು ಸ್ವಲ್ಪ ಕಡಿಮೆ ಹೇಳಿದ್ದರು. ಆದರೆ ಅವರು ಮೊದಲು ಕೇಳಿದ್ದು ಆರ್.ಸಿ. ಪುಸ್ತಕವನ್ನು ಮತ್ತು ತಾತನವರ ಹಳೆಯ ರಸೀದಿಗಳನ್ನು.

2021ರಲ್ಲಿ ಕೇಂದ್ರ ಸರ್ಕಾರ ಪಾರಂಪರಿಕ ವಾಹನಗಳಿಗೆ ನಿಯಮ ಮಾಡಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಚಾಸಿ, ಮೈಕಟ್ಟು, ಎಂಜಿನ್‌ಗಳನ್ನು ಮಾರ್ಪಡಿಸದ ವಾಹನಕ್ಕೆ ಮಾತ್ರ ಆ ಮಾನ್ಯತೆ. ಅದನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿಯಂತಹ ಕಾರಣಗಳಿಗೆ ಓಡಿಸಬಹುದು, ಬಾಡಿಗೆಗೆ ಓಡಿಸುವಂತಿಲ್ಲ. ಎಂಜಿನ್ ಬದಲಿಸಿದ ದಿನವೇ ಈ ಕಾರು ತನ್ನ ಚರಿತ್ರೆಯನ್ನು ಕಳೆದುಕೊಳ್ಳುತ್ತದೆ ಎಂದು ಅವನಿಗೆ ವಿವರಿಸಿದೆ.

ಇಷ್ಟು ಹೇಳಲು ನನಗೊಂದು ಸ್ವಂತ ಕಾರಣವೂ ಇತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಕೆಲವು ತಿಂಗಳ ಮೇಲೆ ಒಬ್ಬ ವಿದ್ಯಾರ್ಥಿನಿ, ಗಣಿಯಲ್ಲಿ ದುಡಿದ ತನ್ನ ತಾತನ ಹಳೆಯ ಕೂಲಿ ಚೀಟಿಗಳ ಕಟ್ಟೊಂದನ್ನು ಶಾಲೆಗೆ ತಂದಿದ್ದಳು. ಪರೀಕ್ಷೆಯ ಗಡಿಬಿಡಿಯಲ್ಲಿ "ಆಮೇಲೆ ನೋಡೋಣಮ್ಮ" ಎಂದೆ. ನಾನು ಕೇಳುವ ಹೊತ್ತಿಗೆ ಅವು ಗುಜರಿಯವನ ಪಾಲಾಗಿದ್ದವು. ಪಠ್ಯಪುಸ್ತಕದ ಇತಿಹಾಸವನ್ನು ಬಾಯಿಪಾಠ ಮಾಡಿಸಿದವನು, ಮೇಜಿನ ಮೇಲೆ ಬಂದು ಕುಳಿತ ಇತಿಹಾಸವನ್ನು ಕಾಣದೆ ಹೋದೆ. ವಿಚಿತ್ರವೆಂದರೆ, 1928ರಲ್ಲಿ ಆರಂಭವಾದ ಪ್ಲಿಮತ್ ಕಾರಿನ ತಯಾರಿಕೆ ನಿಂತದ್ದೂ ಅದೇ 2001ರಲ್ಲಿ.

ಹುಡುಗ ಒಂದು ವಾರ ಯೋಚಿಸಿದ. ಅಜ್ಜಿಯನ್ನು ಕೇಳಿದ. "ನಿಮ್ಮ ತಾತ ಗುರುತು ಹಿಡಿಯುವಂತಿರಬೇಕು" ಎಂದರಂತೆ ಆ ತಾಯಿ. ಎರಡನೆಯವರಿಗೇ ಕೊಡುವುದೆಂದು ನಿರ್ಧಾರವಾಯಿತು. ವಿಷಯ ತಿಳಿದು ಅವರೂ ಬೆಲೆಯನ್ನು ತುಸು ಏರಿಸಿದರು.

ಕಾರು ಹೊರಟ ದಿನ ನಾನೂ ಕೆರೆ ಏರಿಯ ಬಳಿ ನಿಂತಿದ್ದೆ. ಆಟ ಬಿಟ್ಟು ಓಡಿಬರಲು ಹುಡುಗರು ಯಾರೂ ಇರಲಿಲ್ಲ, ಶಾಲೆಯ ಹೊತ್ತು.

ನಿಮ್ಮ ಮನೆಗಳ ಅಟ್ಟದಲ್ಲಿ ಗಣಿಯ ಕಾಲದ ಚೀಟಿಯೋ, ದೀಪವೋ, ಫೋಟೋವೋ ಇದ್ದರೆ ಗುಜರಿಗೆ ಹಾಕುವ ಮುನ್ನ ಒಮ್ಮೆ ನನಗೆ ತೋರಿಸಿ. ಈ ಬಾರಿ "ಆಮೇಲೆ" ಎನ್ನುವುದಿಲ್ಲ.